ಎಕ್ಸ್‌ರೇಯಲ್ಲಿ ಕಾಣದ ನೋವು

ಸೇವೆಯಲ್ಲಿದ್ದಾಗ ನನ್ನ ಮೇಜಿಗೆ ಬಂದ ಒಂದು ಕಡತ ಇಂದಿಗೂ ಮರೆತಿಲ್ಲ. ಬೆನ್ನುನೋವಿನ ಕಾರಣ ನೀಡಿ ಪದೇ ಪದೇ ರಜೆ ಕೋರುತ್ತಿದ್ದ ಗುಮಾಸ್ತರೊಬ್ಬರ ಅರ್ಜಿ ಅದು. ಎಕ್ಸ್‌ರೇಯಲ್ಲಿ ದೋಷವೇನೂ ಕಂಡಿರಲಿಲ್ಲ. ‘ನೋವು ಮಾನಸಿಕವೆಂದು ತೋರುತ್ತದೆ. ಕೋರಿಕೆಯನ್ನು ತಿರಸ್ಕರಿಸಿದೆ’ ಎಂದು ಷರಾ ಬರೆದು ಸಹಿ ಹಾಕಿದೆ. ಮಾನಸಿಕವೆಂದರೆ ಸುಳ್ಳು ಎಂಬುದು ಅಂದಿನ ನನ್ನ ತಿಳಿವಳಿಕೆ. ನಿವೃತ್ತಿಯ ನಂತರ ಸಂಮೋಹನ ಕುರಿತ ಸಂಶೋಧನೆಗಳನ್ನು ಓದತೊಡಗಿದ ಮೇಲೆ ಅದು ಅಲುಗಾಡಿತು.

ಸಂಮೋಹನವೆಂದೊಡನೆ ವೇದಿಕೆಯ ಮೇಲೆ ಜನರನ್ನು ಕುಣಿಸುವ ಜಾದೂಗಾರ ನೆನಪಾಗುವುದು ಸಹಜ. 1784ರಲ್ಲಿ ಫ್ರಾನ್ಸ್‌ನ ದೊರೆ ನೇಮಿಸಿದ, ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಲವಾಸಿಯೇ ಸದಸ್ಯರಾಗಿದ್ದ ಆಯೋಗವು, ಮೆಸ್ಮರ್ ಹೇಳುತ್ತಿದ್ದ ಕಾಂತಶಕ್ತಿ ಇಲ್ಲವೇ ಇಲ್ಲ, ಕಂಡ ಪರಿಣಾಮಗಳೆಲ್ಲ ಕಲ್ಪನೆಯವು ಎಂದು ವರದಿ ನೀಡಿತು. ವರದಿ ಸರಿಯೇ. ಆದರೆ ಕಲ್ಪನೆಗೆ ಅಷ್ಟು ಬಲ ಎಲ್ಲಿಂದ ಬಂತೆಂದು ಕೇಳುವುದನ್ನು ಆಯೋಗಗಳ ವಾಡಿಕೆಯಂತೆ ಮುಂದಿನವರಿಗೆ ಬಿಡಲಾಯಿತು! ಈಥರ್ ಬಳಕೆಗೆ ಬರುವ ಮುನ್ನವೇ, 1845ರಲ್ಲಿ, ಬಂಗಾಳದ ಹೂಗ್ಲಿಯಲ್ಲಿ ವೈದ್ಯ ಜೇಮ್ಸ್ ಎಸ್‌ಡೇಲ್ ಮೆಸ್ಮರ್ ಪಂಥದ ವಿಧಾನದಿಂದಲೇ ರೋಗಿಗಳನ್ನು ಮಂಪರಿಗೆ ತಂದು ಶಸ್ತ್ರಚಿಕಿತ್ಸೆ ನಡೆಸತೊಡಗಿದ್ದರು.

ಉತ್ತರದ ಒಂದು ಭಾಗ ದೊರೆತದ್ದು 1997ರಲ್ಲಿ. ಕೆನಡಾದ ಮಾಂಟ್ರಿಯಲ್‌ನಲ್ಲಿ ಪಿಯರ್ ರೆನ್‌ವಿಲ್ ಮತ್ತು ಸಂಗಡಿಗರು ಸಂಮೋಹಿತರ ಕೈಯನ್ನು ಸುಮಾರು 47 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿಟ್ಟು ಪೆಟ್ ಸ್ಕ್ಯಾನ್ ಮೂಲಕ ಮಿದುಳನ್ನು ಗಮನಿಸಿದರು. ನೀರಿನ ಬಿಸಿ ಒಂದೇ, ಬದಲಾದದ್ದು ಮಾತು ಮಾತ್ರ. ನೋವಿನ ಅಹಿತ ಹೆಚ್ಚುತ್ತಿದೆ ಎಂದು ಒಮ್ಮೆ, ತಗ್ಗುತ್ತಿದೆ ಎಂದು ಇನ್ನೊಮ್ಮೆ ಸೂಚಿಸಿದರು. ಸ್ಪರ್ಶ ಸಂವೇದನೆಯನ್ನು ದಾಖಲಿಸುವ ತೊಗಟೆಯ ಚಟುವಟಿಕೆ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಭಾವನೆಯೊಡನೆ ನಂಟುಳ್ಳ ಮುಂಭಾಗದ ಸಿಂಗ್ಯುಲೇಟ್ ಭಾಗ ಮಾತ್ರ ಸೂಚನೆಗೆ ತಕ್ಕಂತೆ ಏರಿಳಿಯಿತು. ಅಂದರೆ, ಸುಡುವಿಕೆ ಬೇರೆ, ಅದರಿಂದಾಗುವ ಸಂಕಟ ಬೇರೆ.

2004ರಲ್ಲಿ ಸ್ಟುವರ್ಟ್ ಡರ್ಬಿಶೈರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ನನ್ನ ಷರಾಕ್ಕೆ ನೇರವಾಗಿ ತಾಕುವಂಥದು. ಶಾಖವೇ ಇರಲಿಲ್ಲ. ಕೈಗೆ ಬಿಸಿ ತಾಗುತ್ತಿದೆ ಎಂಬ ಸೂಚನೆಯೊಂದರಿಂದಲೇ ಸಂಮೋಹಿತರು ನೋವನ್ನು ಅನುಭವಿಸಿದರು. ಥಲಾಮಸ್, ಸಿಂಗ್ಯುಲೇಟ್, ಇನ್ಸುಲಾ ಮುಂತಾಗಿ, ನಿಜವಾದ ನೋವಿನಲ್ಲಿ ಚುರುಕಾಗುವ ಭಾಗಗಳೇ ಇಲ್ಲಿಯೂ ಚುರುಕಾದವು. ನೋವನ್ನು ಬರಿದೇ ಊಹಿಸಿಕೊಳ್ಳಿರೆಂದಾಗ ಚಟುವಟಿಕೆ ಅಷ್ಟಾಗಿ ಕಾಣಲಿಲ್ಲ. ಅವರು ನಟಿಸುತ್ತಿರಲಿಲ್ಲ.

ಎಲ್ಲರೂ ಸಂಮೋಹನಕ್ಕೆ ಸಮನಾಗಿ ಒಳಗಾಗುವುದಿಲ್ಲ ಎಂಬುದನ್ನೂ ಮರೆಯಬಾರದು. ಇಂಥ ಪ್ರಯೋಗಗಳಿಗೆ ಬಹುಪಾಲು ಸುಲಭವಾಗಿ ಒಳಗಾಗುವವರನ್ನೇ ಆರಿಸುತ್ತಾರೆ. ಆದರೂ ಬೆಲ್ಜಿಯಂನ ಲಿಯೇಜ್‌ನಲ್ಲಿ 1992ರಿಂದ ಸಾವಿರಾರು ರೋಗಿಗಳಿಗೆ ಪೂರ್ಣ ಅರಿವಳಿಕೆಯ ಬದಲು, ಹಿತವಾದ ನೆನಪುಗಳಲ್ಲಿ ತೊಡಗಿಸುವ ಸಂಮೋಹನದ ಜೊತೆಗೆ ಸ್ಥಳೀಯ ಅರಿವಳಿಕೆ ಮತ್ತು ಅಲ್ಪ ಔಷಧ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಲಾಗಿದೆ.

ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ಸುಖದುಃಖಗಳನ್ನು ಕ್ಷಣಕ್ಷಣವೂ ಅಳೆಯಬಲ್ಲ ‘ಹೆಡೋನಿಮೀಟರ್’ ಎಂಬ ಯಂತ್ರವನ್ನು ಎಡ್ಜ್‌ವರ್ತ್ 1881ರಲ್ಲಿ ಕಲ್ಪಿಸಿದ್ದರು. ಸ್ಕ್ಯಾನ್ ಆ ಯಂತ್ರವಲ್ಲ. ನೋವು ಎಷ್ಟೆಂಬುದನ್ನು ಈ ವಿಜ್ಞಾನಿಗಳೂ ಕೊನೆಗೆ ವ್ಯಕ್ತಿಯ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕಾಯಿತು.

ನಾನು ಕೇಳಿರಲಿಲ್ಲ. ಅರ್ಜಿ ತಿರಸ್ಕೃತವಾದ ಮರುದಿನ ಆ ಗುಮಾಸ್ತರು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಕಚೇರಿಗೆ ಬಂದರು. ಸಂಜೆಯವರೆಗೂ ನಿಂತುಕೊಂಡೇ ಟಪಾಲು ವಿಂಗಡಿಸಿದರು. ಕೂರಲು ಆಗುತ್ತಿಲ್ಲವಂತೆ ಎಂದು ಯಾರೋ ಬಂದು ತಿಳಿಸಿದಾಗ, ಚೆನ್ನಾಗಿ ನಟಿಸುತ್ತಾನೆ ಎಂದುಕೊಂಡು ಮುಂದಿನ ಕಡತ ತೆರೆದೆ.