ಅಲಂಕಾರಿಕ ಜರೀಗಿಡಗಳ ಬೇಸಾಯ ಮತ್ತು ಪಾಲನೆ

ಫರ್ನ್ ಎಂದೂ ಕರೆಯಲಾಗುವ ಜರೀಗಿಡಗಳು ಹೂವು ಬಿಡದೆ, ಕೇವಲ ಎಲೆಗಳ ಸೊಬಗಿನಿಂದಲೇ ಕೈತೋಟಕ್ಕೆ ಶೋಭೆ ನೀಡುವ ಸಸ್ಯಗಳಾಗಿವೆ. ನೇರ ಬಿಸಿಲಿನ ಕೊರತೆಯಿಂದ ಹೂಗಿಡಗಳು ಬಾರದ ವರಾಂಡ, ಮರಗಳ ಅಡಿ ಹಾಗೂ ಮನೆಯ ಉತ್ತರ ಪಾರ್ಶ್ವಕ್ಕೆ ಇವು ಸೂಕ್ತ.

ಪ್ರಮುಖ ಬಗೆಗಳು

1. ಬಾಸ್ಟನ್ ಫರ್ನ್: ತೂಗುಕುಂಡಗಳಿಗೆ ಯೋಗ್ಯ. ಹೊಸದಾಗಿ ಬೆಳೆಸುವವರಿಗೆ ಸುಲಭ.
2. ಅಡಿಯಾಂಟಮ್: ಕಪ್ಪು ಹೊಳಪಿನ ತೊಟ್ಟು, ಕೋಮಲ ಎಲೆ. ಒಣಗಾಳಿಯನ್ನು ಸಹಿಸದು.
3. ಹಕ್ಕಿಗೂಡು ಫರ್ನ್: ಸೀಳಿಲ್ಲದ ಅಗಲವಾದ ಎಲೆಗಳು. ಸುಳಿಯಲ್ಲಿ ನೀರು ನಿಂತರೆ ಕೊಳೆಯುವುದು.
4. ಜಿಂಕೆಕೊಂಬು ಫರ್ನ್: ಮರದ ಹಲಗೆಗೆ ಕಟ್ಟಿ ಗೋಡೆಯ ಮೇಲೆ ಬೆಳೆಸಬಹುದು.

ನಾಟಿ ಮತ್ತು ಪಾಲನೆ

ಎರಡು ಭಾಗ ಎಲೆಗೊಬ್ಬರ, ಒಂದು ಭಾಗ ಕೆಂಪು ಮಣ್ಣು ಹಾಗೂ ಒಂದು ಭಾಗ ಮರಳಿನ ಮಿಶ್ರಣಕ್ಕೆ ಸ್ವಲ್ಪ ಇದ್ದಿಲಿನ ಚೂರು ಸೇರಿಸಬೇಕು. ಕುಂಡದ ತಳದಲ್ಲಿ ನೀರು ಬಸಿದು ಹೋಗಲು ರಂಧ್ರವಿರುವುದು ಅವಶ್ಯಕ. ಮಣ್ಣು ಸದಾ ತೇವವಾಗಿರಬೇಕು, ಆದರೆ ನೀರು ನಿಲ್ಲಬಾರದು. ಬಯಲುಸೀಮೆಯಲ್ಲಿ ಮಾರ್ಚ್‌ನಿಂದ ಮೇ ವರೆಗೆ ಗಾಳಿ ಒಣಗಿರುವುದರಿಂದ ನೆರಳು ಪರದೆಯನ್ನು ಒದಗಿಸಿ, ಕುಂಡಗಳನ್ನು ಗುಂಪಾಗಿರಿಸಿ, ಸುತ್ತಲಿನ ನೆಲಕ್ಕೆ ನೀರು ಚಿಮುಕಿಸಬೇಕು. ಹೆಚ್ಚಿನ ರಸಗೊಬ್ಬರದಿಂದ ಎಲೆಯ ಅಂಚು ಸುಡುತ್ತದೆ; ದ್ರವಗೊಬ್ಬರವನ್ನು ಸೂಚಿತ ಪ್ರಮಾಣದ ಅರ್ಧದಷ್ಟು ಮಾತ್ರ ನೀಡುವುದು ಸೂಕ್ತ.

ಎಲೆಯ ಹಿಂಬದಿಯ ಕಂದು ಚುಕ್ಕೆಗಳು

ಎಲೆಯ ಹಿಂಬದಿಯ ಚುಕ್ಕೆಗಳನ್ನು ರೋಗವೆಂದು ಭಾವಿಸಿ ಆರೋಗ್ಯವಂತ ಗಿಡಕ್ಕೆ ಔಷಧಿ ಸಿಂಪಡಿಸಿ ಹಾಳು ಮಾಡುವುದುಂಟು. ನಡುನರದ ಇಕ್ಕೆಲಗಳಲ್ಲಿ ಅಥವಾ ಅಂಚಿನಲ್ಲಿ ಕ್ರಮಬದ್ಧವಾಗಿರುವ ಚುಕ್ಕೆಗಳು ಬೀಜಾಣುಗಳ ಸಮೂಹಗಳಾಗಿದ್ದು, ಗಿಡವು ಪ್ರೌಢವಾಗಿರುವುದರ ಲಕ್ಷಣವಾಗಿವೆ. ಶಲ್ಕ ಕೀಟಗಳಾದರೆ ತೊಟ್ಟಿನ ಮೇಲೂ ಅಡ್ಡಾದಿಡ್ಡಿಯಾಗಿ ಅಂಟಿಕೊಂಡಿರುತ್ತವೆ. ಎಲೆಯ ಮೇಲೆ ಅಂಟುದ್ರವವೂ ಕಾಣಬಹುದು. ಅಂತಹ ಕೀಟಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯುವುದು ಉತ್ತಮ.

ಸಸ್ಯಾಭಿವೃದ್ಧಿ

ಗುಂಪಾಗಿ ಬೆಳೆಯುವ ಬಗೆಗಳನ್ನು ಮುಂಗಾರಿನ ಆರಂಭದಲ್ಲಿ ಬೇರುಸಹಿತ ವಿಭಜಿಸಿ ನೆಡುವುದು ಸುಲಭ ವಿಧಾನ. ಬೀಜಾಣುಗಳಿಂದಲೂ ಸಸಿ ಪಡೆಯಬಹುದು. ಮಾಗಿದ ಎಲೆಯನ್ನು ಕಾಗದದ ಪೊಟ್ಟಣದಲ್ಲಿಟ್ಟರೆ ಉದುರುವ ಪುಡಿಯನ್ನು, ಕುದಿಯುವ ನೀರು ಸುರಿದು ತಣಿಸಿದ ಮಿಶ್ರಣದ ಮೇಲೆ ಚಿಮುಕಿಸಿ ಗಾಜಿನಿಂದ ಮುಚ್ಚಬೇಕು. ಕೆಲವು ವಾರಗಳಲ್ಲಿ ಹಾವಸೆಯಂತಹ ಹಸಿರು ಪದರ ಕಾಣಿಸುವುದು. ಹೃದಯಾಕಾರದ ಈ ಪುಟ್ಟ ಸಸ್ಯಗಳಲ್ಲಿ ಗಂಡು ಕೋಶವು ನೀರಿನಲ್ಲಿ ಈಜಿ ಹೆಣ್ಣು ಕೋಶವನ್ನು ಸೇರಿದ ನಂತರವೇ ನಿಜವಾದ ಜರೀಸಸಿ ಮೂಡುತ್ತದೆ. ಆದ್ದರಿಂದ ಈ ಹಂತದಲ್ಲಿ ತೇವಾಂಶ ತಪ್ಪಬಾರದು. ಪದರವನ್ನು ಪಾಚಿಯೆಂದು ತಿಳಿದು ಕೆರೆದು ತೆಗೆಯಬಾರದು.

ಸಾರ್ವಜನಿಕರ ಗಮನಕ್ಕೆ

ಮಲೆನಾಡಿನ ಕಾಡುಗಳಿಂದ ಜರೀಗಿಡಗಳನ್ನು ಕಿತ್ತು ತರಬಾರದು. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಸಸ್ಯ ತೆಗೆಯುವುದು ಕರ್ನಾಟಕ ಅರಣ್ಯ ಕಾಯ್ದೆ, 1963ರ ಅಡಿಯಲ್ಲಿ ಅಪರಾಧವಾಗಿರುತ್ತದೆ. ಹಾಗೆ ತಂದ ಗಿಡಗಳು ಬಯಲಿನ ಒಣಹವೆಯಲ್ಲಿ ಬಹುತೇಕ ಉಳಿಯುವುದಿಲ್ಲ. ಇತ್ತ ಕಾಡಿಗೂ ನಷ್ಟ, ಅತ್ತ ತೋಟಕ್ಕೂ ಲಾಭವಿಲ್ಲ. ಸಸ್ಯಕ್ಷೇತ್ರಗಳಲ್ಲಿ ಬೆಳೆಸಿದ ಗಿಡಗಳನ್ನೇ ಖರೀದಿಸತಕ್ಕದ್ದು. ಹೆಚ್ಚಿನ ಮಾಹಿತಿಗಾಗಿ ಆಯಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಛೇರಿಯನ್ನು ಸಂಪರ್ಕಿಸಬಹುದು.