ಕೋಲಾರ ಜಿಲ್ಲೆಯ ಪ್ರಾಚೀನ ಜ್ವಾಲಾಮುಖಿ ಶಿಲೆಗಳು ಮತ್ತು ಅಂತರ್ಜಲ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಕೊಳವೆಬಾವಿ ಕೊರೆಯಲು ಅನುಮತಿ ಕೋರುವವರು ತಮ್ಮ ಜಮೀನಿನ ಕೆಳಗಿರುವ ಶಿಲೆಯ ಸ್ವರೂಪವನ್ನು ಅರಿತಿರುವುದು ಅವಶ್ಯಕ. ಈ ಉದ್ದೇಶದಿಂದ ಜಿಲ್ಲೆಯ ಭೂವೈಜ್ಞಾನಿಕ ಇತಿಹಾಸವನ್ನು ಸಂಕ್ಷಿಪ್ತವಾಗಿ ಇಲ್ಲಿ ವಿವರಿಸಲಾಗಿದೆ.

ಜ್ವಾಲಾಮುಖಿಯ ಕಾಲ

ಕೋಲಾರ ಚಿನ್ನದ ಗಣಿ ಪ್ರದೇಶದ ಮೂಲಕ ಉತ್ತರ ದಕ್ಷಿಣವಾಗಿ ಸುಮಾರು 80 ಕಿ.ಮೀ. ಉದ್ದದ ಕಿರಿದಾದ ಶಿಲಾಪಟ್ಟಿಯೊಂದು ಹಾದುಹೋಗಿದೆ. ಇದರ ಕಪ್ಪು ಶಿಲೆಗಳು ಸುಮಾರು 270 ಕೋಟಿ ವರ್ಷಗಳ ಹಿಂದೆ ಹೊರಹೊಮ್ಮಿದ ಲಾವಾರಸದಿಂದ ಉಂಟಾದವು. ಈ ಪಟ್ಟಿಯಲ್ಲಿ ಕೊಮಾಟಿಯೈಟ್ ಜಾತಿಯ ಶಿಲೆಗಳೂ ಇವೆ. ಇಂತಹ ಶಿಲೆಗಳ ಮೂಲವಾದ ಲಾವಾರಸದ ಉಷ್ಣತೆ ಸುಮಾರು 1,600 ಡಿಗ್ರಿ ಸೆಲ್ಸಿಯಸ್ ಇದ್ದಿತೆಂದು ಅಂದಾಜು. ಇಂದಿನ ಜ್ವಾಲಾಮುಖಿಗಳ ಲಾವಾರಸ ಇಷ್ಟು ಬಿಸಿಯಾಗಿರುವುದಿಲ್ಲ.

ನೀರಿನೊಳಗೆ ಹರಿದ ಲಾವಾರಸವು ಥಟ್ಟನೆ ತಣಿದು ದಿಂಬಿನ ಆಕಾರ ತಾಳುತ್ತದೆ. ಇಂತಹ ದಿಂಬು ಲಾವಾ ಹಾಗೂ ಸ್ಫೋಟದಲ್ಲಿ ಸಿಡಿದ ಚೂರುಗಳು ಗಟ್ಟಿಗೊಂಡ ಶಿಲೆಗಳನ್ನು ಚಿನ್ನದ ಗಣಿ ಪ್ರದೇಶದ ಪೆದ್ದಪಲ್ಲಿಯಲ್ಲಿ ಕಾಣಬಹುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಪಟ್ಟಿಯ ಪೂರ್ವ ಮತ್ತು ಪಶ್ಚಿಮದ ನೈಸ್ ಶಿಲೆಗಳ ವಯಸ್ಸು ಬೇರೆ ಬೇರೆ. ಪ್ರತ್ಯೇಕವಾಗಿ ರೂಪುಗೊಂಡ ಎರಡು ಭೂಖಂಡಗಳು ಸುಮಾರು 250 ಕೋಟಿ ವರ್ಷಗಳ ಹಿಂದೆ ಇಲ್ಲಿ ಕೂಡಿಕೊಂಡವೆಂದು ಭೂವಿಜ್ಞಾನಿಗಳು ಅಭಿಪ್ರಾಯಪಟ್ಟಿದ್ದಾರೆ. ಆ ಕಾಲದ ಒತ್ತಡ ಮತ್ತು ಶಾಖದಿಂದ ಲಾವಾಶಿಲೆಯು ಮರುಹರಳುಗಟ್ಟಿ ಗಟ್ಟಿಯಾದ ಆಂಫಿಬೊಲೈಟ್ ಆಯಿತು. ಶಿಲೆಯ ಬಿರುಕುಗಳಲ್ಲಿ ಹರಿದ ಬಿಸಿ ದ್ರವಗಳು ಬೆಣಚುಕಲ್ಲಿನೊಡನೆ ಚಿನ್ನವನ್ನು ಶೇಖರಿಸಿದವು. 1880ರ ದಶಕದಿಂದ 28 ಫೆಬ್ರವರಿ 2001ರಂದು ಗಣಿಗಳು ಮುಚ್ಚುವವರೆಗೆ ಇಲ್ಲಿ ಸುಮಾರು 800 ಟನ್ ಚಿನ್ನ ತೆಗೆಯಲಾಯಿತು.

ಈಗ ಸ್ಫೋಟದ ಭೀತಿ ಇದೆಯೇ?

ಇಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿ ಸಾಗರದ ಭೂಫಲಕವು ಖಂಡದ ಅಡಿಗೆ ಸರಿಯುತ್ತಿರುವುದರಿಂದ ಜ್ವಾಲಾಮುಖಿಗಳು ಇಂದಿಗೂ ಸಕ್ರಿಯವಾಗಿವೆ. ಕೋಲಾರವು ಭೂಫಲಕದ ಅಂಚಿನಿಂದ ಬಹುದೂರದಲ್ಲಿದೆ. ಕೆಳಗೆ ಲಾವಾರಸದ ಸಂಗ್ರಹವಿಲ್ಲ. ಗಣಿ ಪ್ರದೇಶದಲ್ಲಿ ಹಿಂದೆ ಅನುಭವಕ್ಕೆ ಬಂದ ನಡುಕಗಳಿಗೆ ಆಳದ ಸುರಂಗಗಳಲ್ಲಿ ಒತ್ತಡದಿಂದ ಬಂಡೆಗಳು ಸಿಡಿದದ್ದು ಕಾರಣ. ಅಂತರಗಂಗೆ ಬೆಟ್ಟದ ಗುಂಡುಗಳೂ ಜ್ವಾಲಾಮುಖಿಯಿಂದ ಸಿಡಿದು ಬಿದ್ದವಲ್ಲ. ಭೂಮಿಯ ಆಳದಲ್ಲಿ ರೂಪುಗೊಂಡ ಶಿಲೆಯು ಮೇಲಿನ ಪದರ ಸವೆದು ಹೊರಕಂಡು, ಬಿರುಕುಗಳ ಗುಂಟ ಒಡೆದು ಗುಂಡುಗಳಾಗಿವೆ.

ಅಂತರ್ಜಲದ ಮೇಲಿನ ಪರಿಣಾಮ

ಈ ನಾಲ್ಕು ತಾಲ್ಲೂಕುಗಳ ಬಹುಭಾಗ ನೈಸ್ ಮತ್ತು ಗ್ರಾನೈಟ್ ಶಿಲೆಯಿಂದ ಕೂಡಿದೆ. ಈ ಶಿಲೆಗಳಲ್ಲಾಗಲಿ, ಮರುಹರಳುಗಟ್ಟಿದ ಲಾವಾಶಿಲೆಯಲ್ಲಾಗಲಿ ನೀರನ್ನು ಹೀರಿಕೊಳ್ಳುವ ರಂಧ್ರಗಳಿಲ್ಲ. ನೀರು ದೊರೆಯುವುದು ಮೇಲಿನ ಶಿಥಿಲ ಪದರದಲ್ಲಿ ಹಾಗೂ ಅದರ ಕೆಳಗಿನ ಬಿರುಕುಗಳಲ್ಲಿ ಮಾತ್ರ. ಆಳಕ್ಕೆ ಹೋದಂತೆ ಬಿರುಕುಗಳು ಸಾಮಾನ್ಯವಾಗಿ ವಿರಳವಾಗುತ್ತವೆ. ಆದುದರಿಂದ ಸಾವಿರ ಅಡಿ ಕೊರೆದ ಮಾತ್ರಕ್ಕೆ ನೀರು ಖಚಿತವಲ್ಲ. ಸಾಲ ಮಾಡಿ ಕೊರೆಸಿದ ಬಾವಿ ಬರಿದಾದಲ್ಲಿ ನಷ್ಟ ರೈತ ಕುಟುಂಬದ ಪಾಲಿಗೇ ಉಳಿಯುತ್ತದೆ. ಶಿಲೆಯೊಡನೆ ದೀರ್ಘಕಾಲ ಇರುವ ನೀರಿನಲ್ಲಿ ಫ್ಲೋರೈಡ್ ಅಂಶವೂ ಹೆಚ್ಚಬಹುದು.

ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಮಳೆಯ ನೀರು ಕೆರೆಗಳಲ್ಲಿ ನಿಂತು ಇಂಗಿದಾಗ ಮಾತ್ರ ಬಿರುಕುಗಳು ಮರುಪೂರಣಗೊಳ್ಳುತ್ತವೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರನ್ನು ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿರುವುದೂ ಇದೇ ಉದ್ದೇಶದಿಂದ.

ಅರ್ಜಿದಾರರ ಗಮನಕ್ಕೆ

1. ಅಧಿಸೂಚಿತ ಪ್ರದೇಶಗಳಲ್ಲಿ ಕೊಳವೆಬಾವಿ ಕೊರೆಯುವ ಮೊದಲು 2011ರ ಕರ್ನಾಟಕ ಅಂತರ್ಜಲ ಅಧಿನಿಯಮದನ್ವಯ ಅನುಮತಿ ಪಡೆಯತಕ್ಕದ್ದು.
2. ಸ್ಥಳದ ಆಯ್ಕೆಗೆ ಮುನ್ನ ಭೂವಿಜ್ಞಾನಿಗಳಿಂದ ಪರಿಶೀಲನೆ ಮಾಡಿಸುವುದು ಸೂಕ್ತ.
3. ಕುಡಿಯಲು ಬಳಸುವ ನೀರಿನ ಫ್ಲೋರೈಡ್ ಪರೀಕ್ಷೆ ಮಾಡಿಸತಕ್ಕದ್ದು. ಬೇರೆ ಮೂಲವಿಲ್ಲದಿದ್ದಲ್ಲಿ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ.
4. ವಿಫಲವಾದ ಕೊಳವೆಬಾವಿಯನ್ನು ತೆರೆದು ಬಿಡದೆ ಕೂಡಲೇ ಭದ್ರವಾಗಿ ಮುಚ್ಚತಕ್ಕದ್ದು.