ರೊಟ್ಟಿಗೆ ‘ನಕ್ಕೋ’ ಅನ್ನಬಾರದು

ನಸುಕಿನಲ್ಲಿ ಫಜ್ರ್ ನಮಾಝ್ ಮುಗಿದು ಸ್ವಲ್ಪ ಹೊತ್ತಿಗೆ ನಮ್ಮ ಓಣಿಯಲ್ಲಿ ಇನ್ನೊಂದು ಸದ್ದು ಶುರುವಾಗುತ್ತಿತ್ತು. ಅದು ಮನೆಮನೆಯಿಂದ ಕೇಳಿಬರುವ ರೊಟ್ಟಿ ಬಡಿಯುವ ಸಪ್ಪಳ. ಕಣ್ಣು ಮುಚ್ಚಿ ಕೇಳಿದರೆ ಯಾವುದು ಮುಸ್ಲಿಮರ ಮನೆ, ಯಾವುದು ಲಿಂಗಾಯತರ ಮನೆ ಎಂದು ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ವಿಜಯಪುರದಲ್ಲಿ. 2014ರಲ್ಲಿ ಹೆಸರು ಬದಲಾಗುವ ತನಕ ಅದು ಬಿಜಾಪುರ. ಅಬ್ಬಾ ಟಾಂಗಾ ಓಡಿಸುತ್ತಿದ್ದರು. ಗೋಳಗುಮ್ಮಟ ನೋಡಲು ಬಂದವರನ್ನು ಇಬ್ರಾಹಿಂ ರೋಜಾ ತನಕ ಕರೆದೊಯ್ಯುವುದು ಅವರ ದಿನದ ಕೆಲಸ. ಕುದುರೆಯ ಹುಲ್ಲು, ಕಡಲೆಯ ಖರ್ಚು ಕಳೆದು ಉಳಿದದ್ದರಲ್ಲಿ ಏಳು ಜನರ ಹೊಟ್ಟೆ ತುಂಬಬೇಕು. ಅಮ್ಮಾ ಕೌದಿ ಹೊಲಿದು ನಾಲ್ಕು ಕಾಸು ಸೇರಿಸುತ್ತಿದ್ದಳು. ಮಾಂಸ ಶುಕ್ರವಾರಕ್ಕೊಮ್ಮೆ ಬಂದರೆ ಅದೇ ಹಬ್ಬ. ಅರ್ಧ ಕಿಲೋ ತಂದರೆ ಸಾಲನ್‌ಗೆ ನೀರು ಹೆಚ್ಚು, ತುಂಡು ಕಡಿಮೆ. ಆದರೆ ರೊಟ್ಟಿಗೆ ಲೆಕ್ಕವಿರಲಿಲ್ಲ. ಯಾರಾದರೂ ಸಾಕು ಎಂದರೆ ಅಮ್ಮಾ ಗದರಿಸುತ್ತಿದ್ದಳು: “ರೋಟಿ ಕು ನಕ್ಕೋ ನೈ ಬೋಲ್ನಾ.” ರೊಟ್ಟಿಗೆ ಬೇಡ ಅನ್ನಬಾರದು.

ಒಂದೇ ಪಲ್ಯ, ಎರಡು ಹೆಸರು

ನಮ್ಮ ಮನೆಯೊಳಗೆ ದಖನಿ, ಹೊಸ್ತಿಲು ದಾಟಿದರೆ ಕನ್ನಡ. ಹೀಗಾಗಿ ಒಲೆಯ ಮೇಲಿದ್ದ ಪ್ರತಿಯೊಂದಕ್ಕೂ ಎರಡು ಹೆಸರು. ಗೋಡೆಯಾಚೆಯಿಂದ ನೆರೆಮನೆಯ ಹೆಂಗಸು ಕೂಗುತ್ತಿದ್ದಳು: “ಯಕ್ಕಾ, ಇವತ್ತ ಪಲ್ಯಾ ಏನ್ ಮಾಡಿ ಬೇ?” ಅಮ್ಮಾ, “ಪುಂಡಿಪಲ್ಯಾ ಮಾಡೀನಿ, ವಾಟಗ ಕೊಡ ಇಲ್ಲೆ” ಎಂದು ಹೇಳಿ, ನನ್ನ ಕಡೆ ತಿರುಗಿ, “ಅಂಬಾಡೆ ಕಿ ಭಾಜಿ ಲಾ ಬೇಟಾ” ಅನ್ನುತ್ತಿದ್ದಳು. ಶೇಂಗಾ ಹಿಂಡಿ ಒಳಗೆ ಬಂದರೆ ಫಲ್ಲಿ ಕಿ ಚಟ್ನಿ. ಈದ್‌ನ ಶೀರ್ ಖುರ್ಮಾ ಮಾತ್ರ ಎಲ್ಲರ ಬಾಯಲ್ಲೂ ‘ಸುರಕುಂಬಾ’. ನಾವು ಸುರಕುಂಬಾ ಕೊಟ್ಟರೆ, ನಾಗರ ಪಂಚಮಿಗೆ ಆ ಮನೆಯಿಂದ ಉಂಡಿ ಬರುತ್ತಿದ್ದವು.

ಉಳಿದ ರೊಟ್ಟಿಯೂ ವ್ಯರ್ಥವಾಗುತ್ತಿರಲಿಲ್ಲ. ಒಣಗಿಸಿಟ್ಟರೆ ಕಟಕ ರೊಟ್ಟಿ, ವಾರಗಟ್ಟಲೆ ಇರುತ್ತದೆ. ಶಾಲೆಯಿಂದ ಹಸಿದು ಬಂದ ದಿನ ಅಮ್ಮಾ ಬಿಸಿರೊಟ್ಟಿಯನ್ನು ಚೂರು ಮಾಡಿ, ಬೆಳ್ಳುಳ್ಳಿ, ಉಪ್ಪು, ಖಾರದ ಪುಡಿ ಸೇರಿಸಿ ಕುಟ್ಟಿ, ಮೇಲೆ ಕುಸುಬಿ ಎಣ್ಣೆ ಹನಿಸಿ, ಮುಷ್ಟಿಯಲ್ಲಿ ಒತ್ತಿ ಕೊಡುತ್ತಿದ್ದಳು. ಅದಕ್ಕೆ ಮುಟಗಿ ಎಂದು ಹೆಸರು. ಅಮ್ಮಾನ ಬೆರಳುಗಳ ಗುರುತು ಅದರ ಮೇಲೆ ಹಾಗೇ ಇರುತ್ತಿತ್ತು.

ಬೀಸುವ ಕಲ್ಲಿನ ಮುಂದೆ

ನಾನಿಯ ಊರು ಬಬಲೇಶ್ವರ. ಈಗದು ತಾಲೂಕು ಕೇಂದ್ರ. ಆಗ ನಮಗೆ ಅದೆಂದರೆ ಎರೆಹೊಲ, ಬಿಳಿಜೋಳ ಮತ್ತು ನಾನಿ. ಮಳೆಗಾಲದ ಕೊನೆಗೆ ಬಿತ್ತಿದ ಹಿಂಗಾರಿ ಜೋಳ ಎರೆಮಣ್ಣಿನ ಹಸಿ ಮತ್ತು ಚಳಿಗಾಲದ ಇಬ್ಬನಿಯಲ್ಲೇ ಬೆಳೆಯುತ್ತದೆ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬ ಗಾದೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹೊಲ ಬೇರೆಯವರದು; ನಾನಿಯದು ಕೂಲಿ. ಕೂಲಿಯ ಬದಲು ಎಷ್ಟೋ ಸಲ ಜೋಳವೇ ಸಿಗುತ್ತಿತ್ತು. 1972ರ ಬರಗಾಲದಲ್ಲಿ ಅದೂ ಇಲ್ಲದೆ ಕಾಮಗಾರಿಯಲ್ಲಿ ಕಲ್ಲು ಒಡೆಯಲು ಹೋದದ್ದನ್ನು ನಾನಿ ಹೇಳುತ್ತಿದ್ದಳು. ಹೇಳುವಾಗ ರೊಟ್ಟಿಯ ಚೂರು ನೆಲಕ್ಕೆ ಬಿದ್ದಿದ್ದರೆ ಎತ್ತಿಕೊಳ್ಳುತ್ತಿದ್ದಳು.

ನಾನಿ ಬೀಸುವಾಗ ಹಾಡುತ್ತಿದ್ದಳು. ಕಲ್ಲು ಒಂದು ಸುತ್ತು ತಿರುಗಿದರೆ ಹಾಡಿನದೊಂದು ಸಾಲು. ಪಕ್ಕದಲ್ಲಿ ಮಲಗಿದ ನಮಗೆ ಅದೇ ಜೋಗುಳ. ಆ ಹಾಡು ಅಮ್ಮಾನಿಗೂ ಬರುತ್ತಿತ್ತು. ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲು ಮೂಲೆ ಸೇರಿತು. ಹಾಡೂ ನಿಂತಿತು.

ನಾನು ಮಾಡಿದ ತಪ್ಪು

ಶಾಲೆಯಲ್ಲಿ ‘ನಕ್ಕೋ’ ಅಂದರೆ ‘ನಹೀಂ’ ಎಂದು ತಿದ್ದುತ್ತಿದ್ದರು. ‘ಹೌ’ ಅಂದರೆ ನಗುತ್ತಿದ್ದರು. ಸಿನೆಮಾಗಳಲ್ಲೂ ದಖನಿ ಎಂದರೆ ನಗೆಯ ಸರಕು. 1965ರ ‘ಗುಮ್ನಾಮ್’ನಲ್ಲಿ ಮೆಹಮೂದ್ ನಮ್ಮಂತೆ ಮಾತಾಡಿದ್ದು ನಗಿಸುವ ಸೇವಕನ ಪಾತ್ರದಲ್ಲಿ. ನಮ್ಮ ಮಾತು ಕೆಟ್ಟ ಉರ್ದು, ನಮ್ಮ ಊಟ ಬಡವರ ಊಟ ಎಂಬ ನಾಚಿಕೆ ನನ್ನೊಳಗೆ ಸದ್ದಿಲ್ಲದೆ ಬೆಳೆಯಿತು.

ನನ್ನ ಹಿರಿಯ ಮಗಳನ್ನು ನೋಡಲು ಬೆಂಗಳೂರಿನಿಂದ ಜನ ಬರುವವರಿದ್ದರು. ಮುಂಜಾನೆಯೇ ಅಮ್ಮಾನಿಗೆ ಹೇಳಿದೆ: “ಅವರ ಮುಂದೆ ನಕ್ಕೋ, ಕೈಕು ಅನ್ನಬೇಡ. ಸುಮ್ಮನೆ ಕೂತರೆ ಸಾಕು.” ಬಿರಿಯಾನಿ ಬಡಿಸಿದೆವು. ಅಮ್ಮಾ ಬೆಳಿಗ್ಗೆ ಬಡಿದಿಟ್ಟ ರೊಟ್ಟಿಯ ಬುಟ್ಟಿಯನ್ನು ನಾನೇ ಒಳಗೆ ಸರಿಸಿದ್ದೆ. ಬಂದವರು ಅಮ್ಮಾನ ಆರೋಗ್ಯ ವಿಚಾರಿಸಿದರು. ಅವಳು ಉತ್ತರಿಸುವ ಮೊದಲು ನನ್ನ ಮುಖ ನೋಡಿದಳು. ಆಮೇಲೆ ತಲೆಯಾಡಿಸಿ ಸುಮ್ಮನಾದಳು. ಐವತ್ತು ವರ್ಷ ನನ್ನ ಜೊತೆ ಆ ಮಾತಿನಲ್ಲೇ ಜಗಳವಾಡಿದ, ಮುದ್ದಿಸಿದ, ದುಆ ಮಾಡಿದ ಬಾಯಿಯನ್ನು ನಾನು ಮುಚ್ಚಿಸಿದ್ದೆ.

ರಾತ್ರಿ ಎಲ್ಲರೂ ಹೋದ ಮೇಲೆ ಅದೇ ಬುಟ್ಟಿಯ ರೊಟ್ಟಿ ಬಿಸಿ ಮಾಡಿ ನನ್ನ ತಟ್ಟೆಗೆ ಹಾಕಿ “ಖಾಲೇ” ಅಂದಳು. ಬೇರೇನೂ ಹೇಳಲಿಲ್ಲ. ಕೆಲವು ವರ್ಷಗಳ ನಂತರ ಅವಳು ಅಲ್ಲಾಹನ ಕರೆಗೆ ಓಗೊಟ್ಟಳು. ನಾನು ಕ್ಷಮೆ ಕೇಳಿರಲಿಲ್ಲ.

ತಡವಾಗಿ ತಿಳಿದದ್ದು

ಇತಿಹಾಸಕಾರ ರಿಚರ್ಡ್ ಈಟನ್ ಬಿಜಾಪುರದ ಸೂಫಿಗಳ ಕುರಿತು 1978ರಲ್ಲಿ ಒಂದು ಪುಸ್ತಕ ಪ್ರಕಟಿಸಿದ್ದಾರೆ. ಅದರಲ್ಲಿ ‘ಚಕ್ಕಿನಾಮಾ’ ಎಂಬ ಹಾಡುಗಳ ವಿಷಯ ಬರುತ್ತದೆ. ಹೆಂಗಸರು ಬೀಸುವಾಗ ಹಾಡಿಕೊಳ್ಳಲೆಂದು ದಖನಿಯಲ್ಲಿ ರಚಿಸಿದ ಹಾಡುಗಳಿವು. ದೇವರ ಸ್ಮರಣೆಯನ್ನು ಕಲ್ಲಿನ ತಿರುಗಾಟಕ್ಕೆ ಜೋಡಿಸಿದ್ದಾರೆ. ನೂಲುವವರಿಗೆ ‘ಚರಖಾನಾಮಾ’ ಬೇರೆ. ನಾವು ನಾಚಿಕೊಂಡ ಭಾಷೆ 1580ರಿಂದ 1627ರ ತನಕ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹ್ ‘ಕಿತಾಬ್-ಎ-ನೌರಸ್’ ಬರೆದ ಭಾಷೆ. ನಮ್ಮ ‘ನಕ್ಕೋ’ ಕೆಟ್ಟ ಉರ್ದು ಅಲ್ಲ, ಮರಾಠಿಯ ‘ನಕೋ’ದ ನೆಂಟ. ಅಕ್ಕಪಕ್ಕದವರ ಜೊತೆ ಶತಮಾನಗಟ್ಟಲೆ ಬದುಕಿದ್ದರ ಗುರುತು ಅದು.

ನಾನಿ ಹಾಡುತ್ತಿದ್ದುದು ಇಂತಹ ಚಕ್ಕಿನಾಮಾವೋ, ಬೇರೆ ಹಾಡೋ? ಅಮ್ಮಾನನ್ನು ಕೇಳಿದ್ದರೆ ತಿಳಿಯುತ್ತಿತ್ತು. ನನಗೆ ರಾಗ ನೆನಪಿದೆ, ಶಬ್ದವಿಲ್ಲ.

ಭಾಷೆಗಳ ವೈವಿಧ್ಯವನ್ನು ಪವಿತ್ರ ಕುರ್‌ಆನ್ (30:22) ಅಲ್ಲಾಹನ ನಿದರ್ಶನಗಳ ಸಾಲಿನಲ್ಲಿ ಎಣಿಸಿದೆ. ಕರಾವಳಿಯ ಸಹೋದರಿಯರು ತಮ್ಮ ಬ್ಯಾರಿ ಮಾತಿಗೆ 2007ರಲ್ಲಿ ಸಾಹಿತ್ಯ ಅಕಾಡೆಮಿ ಬಂದದ್ದನ್ನು ಕಂಡಿದ್ದಾರೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿತು. ನಾನು ಒಳಗೆ ಸರಿಸಿದ್ದ ಜೋಳದ ರೊಟ್ಟಿ ಈಗ ಬೆಂಗಳೂರಿನ ಅಂಗಡಿಗಳಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಆದರೆ ಮುಟಗಿ ಎಂಬ ಶಬ್ದ ಪ್ಯಾಕೆಟ್ಟಿನಲ್ಲಿ ಬರುವುದಿಲ್ಲ. ಅಡುಗೆ ಮನೆಯಿಂದ ಒಂದು ತಿನಿಸು ಹೋದರೆ ಅದರ ಸುತ್ತಲಿನ ಹತ್ತು ಮಾತುಗಳೂ ಹೋಗುತ್ತವೆ.

ನನ್ನ ಆಪಾ ಟಿಕೋಟಾದಲ್ಲಿದ್ದಾಳೆ. ವಯಸ್ಸಾಗುವ ತನಕ ಅಲ್ಲಿನ ದ್ರಾಕ್ಷಿ ತೋಟಗಳಲ್ಲಿ ದುಡಿದವಳು. ಈಗ ತಿಂಗಳಿಗೊಮ್ಮೆ ನೋಟ್‌ಬುಕ್ ಹಿಡಿದು ಅವಳಲ್ಲಿಗೆ ಹೋಗುತ್ತೇನೆ. ಪಲ್ಯಗಳ ಹೆಸರು, ಅಳತೆಯ ಹೆಸರು, ಬೈಗುಳ, ದುಆ ಎಲ್ಲ ಬರೆದುಕೊಳ್ಳುತ್ತೇನೆ. ನಾನಿಯ ಹಾಡಿನ ಬಗ್ಗೆ ಕೇಳಿದೆ. “ಸುಮ್ಮನೆ ಕೂತರೆ ನೆನಪಾಗೋದಿಲ್ಲ, ಕೈ ತಿರುಗಬೇಕು” ಅಂದಳು. ಮೂಲೆಯಲ್ಲಿದ್ದ ಕಲ್ಲನ್ನು ತೊಳೆದು ಇಡಿಸಿದ್ದೇನೆ.

ಸಹೋದರಿಯರೇ, ನಿಮ್ಮ ಮನೆಯಲ್ಲಿ ಹಿರಿಯ ಹೆಂಗಸೊಬ್ಬರಿದ್ದರೆ ಈ ವಾರವೇ ಅವರ ಬಳಿ ಕೂತು ಕೇಳಿ. ಅತಿಥಿಗಳ ಮುಂದೆ ಅವರ ಬಾಯಿ ಮುಚ್ಚಿಸಬೇಡಿ.

ಕಳೆದ ರಜೆಗೆ ಬಂದ ಮೊಮ್ಮಗಳಿಗೆ ರೊಟ್ಟಿ ಬಡಿಸಿದೆ. ತಟ್ಟೆ ಸರಿಸಿ “ನೋ” ಅಂದಳು. ನನ್ನ ಬಾಯಿಂದ ತಾನಾಗಿ ಬಂತು: “ರೋಟಿ ಕು ನಕ್ಕೋ ನೈ ಬೋಲ್ನಾ.”

“ನಕ್ಕೋ ಅಂದರೇನು, ನಾನಿ?” ಎಂದು ಕೇಳಿದಳು. ಒಲೆ ಆರಿಸಿ ಅವಳ ಪಕ್ಕ ಕೂತೆ.